ಪಟ್ಟಿಯಲ್ಲಿಲ್ಲದ ನೀರು

ಗಟ್ಟಿಹುಂಡಿಯ ದೇವಯ್ಯನನ್ನು ಸುತ್ತಮುತ್ತಲಿನವರು ಕರೆಯುತ್ತಿದ್ದುದೇ ನೀರಿನ ದೇವಯ್ಯ ಎಂದು. ನಂಜನಗೂಡಿನಲ್ಲಿ ಬಾವಿ ನೀರಿನ ಪರೀಕ್ಷೆಗೆಂದು ತೆರೆದಿದ್ದ ಒಂದು ಪುಟ್ಟ ಪ್ರಾಜೆಕ್ಟ್ ಆಫೀಸಿನಲ್ಲಿ ಅವನಿಗೆ ಕೆಲಸ. ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ, ನಂಜನಗೂಡು ಮತ್ತು ಟಿ. ನರಸೀಪುರ ತಾಲ್ಲೂಕುಗಳ ನಲವತ್ತು ಬಾವಿಗಳಿಂದ ನಲವತ್ತು ಬಾಟಲಿ ನೀರು ತಂದುಕೊಡಬೇಕು. ಇಷ್ಟೇನಾ ಎಂದು ಮೂಗು ಮುರಿಯುವವರು ಒಂದು ದಿನ ಸೈಕಲ್ಲಿನ ಹಿಂದೆ ಬಾಟಲಿ ಕ್ರೇಟು ಕಟ್ಟಿಕೊಂಡು ತಲಕಾಡಿನ ಮರಳಿನಲ್ಲಿ ತಳ್ಳಿ ನೋಡಬೇಕಿತ್ತು.

ಆ ಬಾಟಲಿಗಳಲ್ಲಿ ಆಫೀಸಿನವರು ಮುಖ್ಯವಾಗಿ ಹುಡುಕುತ್ತಿದ್ದುದು ನೈಟ್ರೇಟನ್ನು. ಹೊಲಕ್ಕೆ ಹಾಕಿದ ಗೊಬ್ಬರ, ಸಗಣಿ, ಗಂಜಲ, ಇವುಗಳ ಸಾರಜನಕವೆಲ್ಲ ಕೊನೆಗೆ ಈ ರೂಪಕ್ಕೆ ತಿರುಗಿ ನೀರಿನ ಜೊತೆ ನೆಲಕ್ಕಿಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಲೀಟರಿಗೆ ನಲವತ್ತೈದು ಮಿಲಿಗ್ರಾಂ ದಾಟಬಾರದು ಎಂಬುದು ದೇವಯ್ಯನಿಗೆ ಬಾಯಿಪಾಠವಾಗಿತ್ತು. ದಾಟಿದರೆ ಏನಾಗುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

ತೊಂಬತ್ತೊಂದರಲ್ಲಿ ಬಾವಿಗಳ ಪಟ್ಟಿ ಮಾಡುವಾಗ ಆಫೀಸರ್ ಸಿದ್ದಮಲ್ಲಪ್ಪನವರು ಅವನನ್ನು ಮೇಜಿನ ಹತ್ತಿರ ಕರೆದಿದ್ದರು.

"ನಿಮ್ಮೂರಿಂದ ಒಂದ್ ಬಾವಿ ಹೇಳಯ್ಯ. ಒಂದೇ. ನೋಡು, ಒಂದ್ಸಲ ಬರೆದ್ರೆ ಮುಗೀತು, ಇಪ್ಪತ್ ವರ್ಷ ಅದೇ ಬಾವಿ. ನಡುವೆ ಬದಲಾಯಿಸಿದ್ರೆ ನೀರು ಕೆಡ್ತಾ ಇದ್ಯಾ ಇಲ್ವಾ ಅಂತ ಹೋಲಿಸಿ ನೋಡಕ್ಕೆ ಆಗಲ್ಲ."

ಗಟ್ಟಿಹುಂಡಿ, ಬಸ್ಸಿಳಿಯುವ ಬಿಳಿಗೆರೆಯಿಂದ ಮೂರು ಮೈಲಿ ಒಳಗಿರುವ ಊರು. ಅಲ್ಲಿ ನೀರಿನ ಜಾಗ ಎರಡು. ಒಂದು ಇಳಿಜಾರಿನ ಕೆಳಗೆ ಕಾಲೋನಿಯ ಬೋರಿನ ಕೈಪಂಪು, ದೇವಯ್ಯನ ಮನೆಯಿಂದ ಹತ್ತು ಮಾರು. ಇನ್ನೊಂದು ಮೇಲೆ ಲಿಂಗಾಯತರ ಬೀದಿಯ ತುದಿಯಲ್ಲಿರುವ ದೊಡ್ಡಬಾವಿ, ಮೆಟ್ಟಿಲಿಳಿದು ಹೋಗುವ ಕಲ್ಲುಕಟ್ಟಡದ ಬಾವಿ. ಕಾಲೋನಿಯವರು ಆ ಮೆಟ್ಟಿಲು ತುಳಿದವರಲ್ಲ. ಕೈಪಂಪು ಬರುವ ಮುಂಚೆ ದೇವಯ್ಯನ ತಾಯಿ ಬಿಂದಿಗೆ ಇಟ್ಟು ದೂರ ನಿಂತು, ಮೇಲಿನವರು ಯಾರಾದರೂ ಸೇದಿ ಹೊಯ್ಯಲಿ ಎಂದು ಬಿಸಿಲಲ್ಲಿ ಕಾಯುತ್ತಿದ್ದಳು. ಹೊಯ್ಯುವವರು ಎತ್ತರದಿಂದ ಹೊಯ್ಯುತ್ತಿದ್ದರು. ಅರ್ಧ ಬಿಂದಿಗೆಗೆ, ಅರ್ಧ ನೆಲಕ್ಕೆ. ಅವಳ ಸೆರಗು ಹಿಡಿದು ನಿಂತು ಅದನ್ನು ನೋಡಿದ್ದವನು ಈಗ ಸರ್ಕಾರದ ಕ್ರೇಟು ಹೊತ್ತವನು.

"ದೊಡ್ಡಬಾವಿ ಸಾ," ಎಂದ.

"ಊರಿನೋರೆಲ್ಲ ಅದನ್ನೇ ಕುಡೀತಾರಾ?"

"ಊ ಸಾ. ಎಲ್ರೂವೆ."

ಸಿದ್ದಮಲ್ಲಪ್ಪನವರು ಬರೆದುಕೊಂಡರು. ಹದಿನೇಳನೇ ನಂಬರು.

ಮೊದಲ ಸಲ ಅವನು ಆ ಬಾವಿಗೆ ಇಳಿದ ದಿನ ಕಾಲೋನಿಯ ಅರ್ಧ ಜನ ದೂರದಲ್ಲಿ ನಿಂತು ನೋಡಿದರು. ಮಗಳು ಕವನ ಆಗ ಪುಟ್ಟ ಹುಡುಗಿ, ಯಾರದೋ ಹೆಗಲ ಮೇಲೆ ಕೂತಿದ್ದಳು. ಬಾವಿಯ ಕಟ್ಟೆಯ ಮೇಲೆ ಪುಟ್ಟಬಸವಯ್ಯ ಬಂದು ನಿಂತರು. ಬಾವಿಯ ಸುತ್ತಲಿನ ಜಮೀನೂ ಕೆಳಗಡೆಯ ಬಾಳೆ ತೋಟವೂ ಅವರದೇ. ದೇವಯ್ಯನ ಅಪ್ಪ ಅವರನ್ನು 'ಬುದ್ಧಿ' ಎನ್ನದೆ ಮಾತೇ ಆಡಿದವನಲ್ಲ. ದೇವಯ್ಯ ಜೇಬಿನಿಂದ ಆರ್ಡರ್ ತೆಗೆದು, "ಪುಟ್ಟಬಸವಯ್ಯನವ್ರೆ, ಸರ್ಕಾರದ ಕೆಲಸ," ಎಂದ. 'ಬುದ್ಧಿ' ಎನ್ನಲಿಲ್ಲ. ಅವರು ಕಾಗದ ಓದಿದರು, ಮಡಿಸಿ ವಾಪಸು ಕೊಟ್ಟರು.

"ನೀರ್ ಕಲಕ್ಬ್ಯಾಡ ಕಣಯ್ಯ. ಮೆಲ್ಲಕ್ ತಕ್ಕೊ," ಎಂದಷ್ಟೇ ಹೇಳಿ ಮನೆಗೆ ಹೋದರು.

ದೇವಯ್ಯ ಹದಿನೆಂಟು ಮೆಟ್ಟಿಲು ಇಳಿದ. ಬಾಟಲಿ ಮುಳುಗಿಸಿದ. ಆಮೇಲೆ, ನೌಕರಿಯ ಯಾವ ನಿಯಮದಲ್ಲೂ ಇಲ್ಲದ ಒಂದು ಕೆಲಸ ಮಾಡಿದ. ಬೊಗಸೆ ತುಂಬ ನೀರು ಮೊಗೆದು ಕುಡಿದ. ಹೊಟ್ಟೆಯೊಳಗೆ ಮಾತ್ರವಲ್ಲ, ಸತ್ತುಹೋಗಿದ್ದ ತಾಯಿಯ ಗಂಟಲಿಗೂ ಆ ನೀರು ಇಳಿಯಿತೆಂದು ಅವನಿಗನ್ನಿಸಿತು. ಅಂದಿನಿಂದ ವರ್ಷಕ್ಕೆ ಎರಡು ಸಲ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆ ಬಾವಿಗೆ ಇಳಿಯುತ್ತಿದ್ದ. ಉಳಿದ ಮೂವತ್ತೊಂಬತ್ತು ಬಾವಿಗಳಿಗೆ ಹಳೇ ಅಂಗಿಯೇ ಸಾಕಾಗುತ್ತಿತ್ತು.

ತೊಂಬತ್ತಾರರಲ್ಲಿ ಊರ ಮೇಲುಗಡೆಯ ಬೋರೆ ದಿಬ್ಬದಲ್ಲಿ ಹಂದಿ ಫಾರಂ ಬಂತು. ಹೊರಗಿನ ಕಂಪನಿಯವರದು. ತಗಡಿನ ಉದ್ದುದ್ದ ಶೆಡ್ಡುಗಳು, ಸಾವಿರಾರು ಬಿಳಿ ಹಂದಿಗಳು. ಅದರ ವಾಸನೆ ಎಂಥದೆಂದು ಹೇಳಿ ಪ್ರಯೋಜನವಿಲ್ಲ. ಗಾಳಿ ಇತ್ತ ತಿರುಗಿದ ದಿನ ಉಂಡವರು ಕಕ್ಕಿಕೊಂಡಿದ್ದಾರೆ. ಊರೂ ಕಾಲೋನಿಯೂ ಹುಟ್ಟಿದಾಗಿನಿಂದ ಒಂದೇ ಒಂದು ವಿಷಯಕ್ಕೆ ಒಟ್ಟಾಗಿ ಜಗಳಕ್ಕೆ ಹೋದದ್ದಿದ್ದರೆ ಅದು ಈ ವಾಸನೆಗೆ. ಎರಡು ವರ್ಷ ಗಲಾಟೆಯಾಗಿ ಕಡೆಗೆ ಕಂಪನಿಯವರು ಒಂದು ದೊಡ್ಡ ಸಿಮೆಂಟ್ ಟ್ಯಾಂಕು ಕಟ್ಟಿಸಿದರು. ಹಂದಿಯ ಸಗಣಿ, ಗಂಜಲ, ಶೆಡ್ಡು ತೊಳೆದ ನೀರು ಎಲ್ಲವೂ ಮುಚ್ಚಿದ ಆ ಟ್ಯಾಂಕಿನಲ್ಲಿ ವಾರಗಟ್ಟಲೆ ಕೊಳೆತು, ಗ್ಯಾಸು ಬೇರೆಯಾಗಿ, ಇನ್ನೊಂದು ಕಡೆಯಿಂದ ತೆಳ್ಳಗೆ ಕಪ್ಪಗೆ ಹೊರಬರುತ್ತಿತ್ತು. ವಾಸನೆ ನಿಜವಾಗಿಯೂ ಹೋಯಿತು. ಶುದ್ಧ ಮಾಡಿದ ಗೊಬ್ಬರ, ಪುಕ್ಕಟೆ, ಬೇಕಾದವರ ಜಮೀನಿಗೆ ನಾವೇ ಟ್ಯಾಂಕರಿನಲ್ಲಿ ತಂದು ಬಿಡುತ್ತೇವೆ ಎಂದು ಮ್ಯಾನೇಜರು ಸಾರಿದ.

ಪುಟ್ಟಬಸವಯ್ಯ ಕೊರಳಲ್ಲಿ ಲಿಂಗ ಕಟ್ಟಿದವರು, ಹಂದಿಯ ಹೆಸರು ಹೇಳಿದರೂ ಬಾಯಿ ಮುಕ್ಕಳಿಸುವವರು. ಅವರು ಎರಡು ದಿನ ಯೋಚಿಸಿದರು. ಪುಕ್ಕಟೆ ಗೊಬ್ಬರವನ್ನು ಬೇಡವೆನ್ನಲು ರೈತನಾದವನಿಗೆ ಮನಸ್ಸು ಬರುವುದಿಲ್ಲ. ಮೂರನೇ ದಿನ ಒಂದು ದಾರಿ ಕಂಡುಕೊಂಡರು.

"ಹಂದೀದು ನಮ್ ಬಾವಿ ಅತ್ರಕ್ಕೆ ಬರಕೂಡದು. ಮ್ಯಾಲ್ಗಡೆ ಜಮೀನಿಗೆ ಒಂದ್ ತೊಟ್ಟೂ ಬ್ಯಾಡ," ಎಂದು ಮ್ಯಾನೇಜರಿಗೆ ಅಪ್ಪಣೆ ಕೊಟ್ಟರು. "ಕೆಳಗ್ಲ ಬಾಳೆ ತೋಟ್ದಲ್ಲಿ ಎಷ್ಟಾರ ಬುಟ್ಕಳಿ."

ಕೆಳಗಿನ ಬಾಳೆ ತೋಟದ ಬೇಲಿಗೆ ಅಂಟಿಕೊಂಡೇ ಕಾಲೋನಿ. ಬೇಲಿಯಿಂದ ಮೂವತ್ತು ಮಾರು ದೂರದಲ್ಲಿ ಕೈಪಂಪು. ದಿನಕ್ಕೆ ಮೂರು ಟ್ಯಾಂಕರು ಬಂದು ಬಿಡತೊಡಗಿದಾಗ ಕಾಲೋನಿಯವರಿಗೆ ಸಣ್ಣದೊಂದು ದಿಗಿಲಾಯಿತು. ದಿಗಿಲಾದಾಗ ಅವರು ಕೇಳುವುದು ಇನ್ಯಾರನ್ನು? ನೀರಿನ ದೇವಯ್ಯನನ್ನು. ಅವನು ತೋಟಕ್ಕೆ ಹೋಗಿ, ಒಂದು ಹಿಡಿ ಮಣ್ಣು ತೆಗೆದು ಮೂಸಿ ನೋಡಿದ.

"ಏನೂ ಇಲ್ಲಕಣ್ರಪ್ಪ. ಟ್ಯಾಂಕಲ್ಲಿ ಎಲ್ಲಾ ಶುದ್ಧ ಆಗೇ ಬತ್ತದೆ. ಬೇಕಾರೆ ನಮ್ಮೂರ್ ರಿಪೋರ್ಟ್ ತೋರುಸ್ತೀನಿ ಬನ್ನಿ," ಎಂದ.

ರಿಪೋರ್ಟಿನಲ್ಲಿ ಸುಳ್ಳೇನೂ ಇರಲಿಲ್ಲ. ದೊಡ್ಡಬಾವಿಯ ನೈಟ್ರೇಟು ತೊಂಬತ್ತೊಂದರಲ್ಲಿ ಹದಿನಾಲ್ಕು, ತೊಂಬತ್ತೆಂಟರಲ್ಲಿ ಹದಿನಾರು, ಎರಡು ಸಾವಿರದ ಮೂರರಲ್ಲಿ ಹತ್ತೊಂಬತ್ತು. ಸಿದ್ದಮಲ್ಲಪ್ಪನವರ ಕೋಣೆಯ ಗೋಡೆಗೆ ಒಂದು ದೊಡ್ಡ ಗ್ರಾಫ್ ನಕ್ಷೆ ಅಂಟಿಸಿದ್ದರು. ಎರಡೂ ತಾಲ್ಲೂಕುಗಳ ನಲವತ್ತು ಬಾವಿಗಳಿಗೆ ನಲವತ್ತು ಗೆರೆ. ಕಬ್ಬು ಭತ್ತಕ್ಕೆ ಯೂರಿಯಾ ಸುರಿಯುವ ನರಸೀಪುರದ ಕಡೆಯ ಕೆಲವು ಗೆರೆಗಳು ಮೇಲೇಳುತ್ತಿದ್ದವು. ಹದಿನೇಳನೇ ನಂಬರಿನ ಗೆರೆ ಮಾತ್ರ ನೆಲಕ್ಕೆ ಮಲಗಿದಂತೆ ನೆಟ್ಟಗಿತ್ತು. ಹಂದಿ ಫಾರಂ ಇರುವ ಊರಿನಲ್ಲೇ ನೀರು ಇಷ್ಟು ಚೆನ್ನಾಗಿದೆ ಎಂದು ಮೈಸೂರಿನಿಂದ ಬಂದ ದೊಡ್ಡ ಸಾಹೇಬರೊಬ್ಬರು ಹೊಗಳಿ, ಸಂಸ್ಕರಿಸಿದ ಗೊಬ್ಬರದಿಂದ ಅಪಾಯವಿಲ್ಲವೆಂದು ಬರೆದುಕೊಂಡು ಹೋಗಿದ್ದರು. ಆ ದಿನ ದೇವಯ್ಯ ಮನೆಗೆ ಮೈಸೂರ್‌ಪಾಕು ತಂದಿದ್ದ.

ಕವನ ಪಿಯುಸಿ ಓದಿದಳು. ಸೋಸಲೆಯ ರಾಜೇಂದ್ರನಿಗೆ ಕೊಟ್ಟು ಮದುವೆಯಾಯಿತು. ಹುಡುಗ ನರಸೀಪುರದ ಒಂದು ಬ್ಯಾಂಕಿನಲ್ಲಿ ಅಟೆಂಡರು, ಕುಡಿತವಿಲ್ಲ, ಬೀಡಿಯಿಲ್ಲ. ಎರಡು ಸಾವಿರದ ನಾಲ್ಕರಲ್ಲಿ ಅವಳು ಬಸುರಿ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು ಎನ್ನುವುದು ಎಲ್ಲರ ಮನೆಯ ಪದ್ಧತಿ. ಏಳನೇ ತಿಂಗಳಿಗೆ ದೇವಯ್ಯ ತಾನೇ ಹೋಗಿ, ಕಾವೇರಿ ದಂಡೆಯ ಸೋಸಲೆಯಿಂದ ಮಗಳನ್ನು ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಗಟ್ಟಿಹುಂಡಿಗೆ ಕರೆತಂದ. ಆಗಸ್ಟಿನಲ್ಲಿ ಹೆಣ್ಣು ಕೂಸು ಹುಟ್ಟಿತು. ಮಧುಶ್ರೀ ಎಂದು ಹೆಸರಿಟ್ಟರು. ಬುದ್ಧನ ಫೋಟೋ, ಅಂಬೇಡ್ಕರ್ ಫೋಟೋ ಎರಡರ ಮುಂದೂ ಕೂಸನ್ನು ಮಲಗಿಸಿ ದೇವಯ್ಯ ಕೈಮುಗಿದ.

ಒಂದು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಕವನಳ ಎದೆ ಬಾತು, ಕೀವಾಗಿ, ಚಳಿಜ್ವರ ಬಂತು. ಡಾಕ್ಟರು ಕೊಯ್ದು ಪಟ್ಟಿ ಕಟ್ಟಿ, ಹಾಲು ಕುಡಿಸಬೇಡಿ ಎಂದರು. ಜ್ವರ ಇಳಿಯುವ ಹೊತ್ತಿಗೆ ಹಾಲು ಬತ್ತಿತ್ತು. ಡಬ್ಬಿಯ ಹಾಲಿನ ಪುಡಿ ಬಂತು, ಬಾಟಲಿ ಬಂತು. ಪುಡಿಗೆ ನೀರು ಬೇಕಲ್ಲ. ಕೈಪಂಪಿನ ನೀರು.

ಇಲ್ಲಿ ದೇವಯ್ಯ ತನ್ನ ವಿದ್ಯೆಯನ್ನೆಲ್ಲ ತಂದು ಮುಂದಿಟ್ಟ. ಹಿಂದೊಮ್ಮೆ ಕಾಲೋನಿಯಲ್ಲಿ ವಾಂತಿಭೇದಿಯಾಗಿ ಐದು ಜನ ಸತ್ತಾಗ, ಕುದಿಸಿ ಕುಡೀರಿ, ಕುದಿಸಿ ಕುಡೀರಿ ಎಂದು ಮನೆಮನೆ ಬಾಗಿಲಲ್ಲಿ ಕೂಗಿ ಉಳಿದವರನ್ನು ಉಳಿಸಿಕೊಂಡವನು ಅವನು. ಬರೀ ಕುದಿ ಬಂದರೆ ಸಾಲದೆಂದ. ಬಾಣಂತಿಯ ಕಷಾಯ ಕಾಯಿಸುವ ಹಾಗೆ, ಒಂದು ಚೊಂಬು ನೀರು ಅರ್ಧ ಚೊಂಬಿಗೆ ಇಳಿಯಬೇಕು, ಆಗಲೇ ಕೂಸಿಗೆ ಯೋಗ್ಯ. ಹೆಂಡತಿ ಮಹದೇವಮ್ಮನ ಮೇಲೂ ಅವನಿಗೆ ಪೂರಾ ನಂಬಿಕೆಯಿಲ್ಲ. ಬೆಳಗ್ಗೆ ಆಫೀಸಿಗೆ ಹೋಗುವ ಮುಂಚೆ ತಾನೇ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು ನೀರು ಇಂಗಿಸುತ್ತಿದ್ದ.

"ಸಾಕು ಬುಡಿ, ಸೌದೆ ಎಲ್ಲ ಮುಗ್ದೋಯ್ತು," ಎಂದು ಮಹದೇವಮ್ಮ ಗೊಣಗಿದರೆ, "ಮೊಮ್ಮಗಳಿಗಿಂತ ಸೌದೆ ಎಚ್ಚಾ ನಿಂಗೆ?" ಎಂದು ಗದರುತ್ತಿದ್ದ.

ಕೂಸು ಬಾಟಲಿ ಕಚ್ಚಿ ಗುಟುಕು ಗುಟುಕಾಗಿ ಕುಡಿಯುವುದನ್ನು ನೋಡುವುದೆಂದರೆ ಅವನಿಗೆ ಪ್ರಾಣ. ಎಷ್ಟೋ ದಿನ ಅವನೇ ತೊಡೆಯ ಮೇಲೆ ಮಲಗಿಸಿಕೊಂಡು ಕುಡಿಸಿದ. ಬಾಯಿಯ ಕೊನೆಯಲ್ಲಿ ಸೋರಿದ್ದನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ.

ಎರಡು ವಾರ ಕಳೆದ ಮೇಲೆ ಕೂಸಿಗೆ ಭೇದಿ ಹಿಡಿಯಿತು. ದೇವಯ್ಯ ಇನ್ನಷ್ಟು ಹೊತ್ತು ಕುದಿಸಿದ. ಮೂರನೇ ದಿನ ಬೆಳಗ್ಗೆ ಎಣ್ಣೆ ಹಚ್ಚಲು ಕೂಸನ್ನು ಕಾಲ ಮೇಲೆ ಹಾಕಿಕೊಂಡ ಮಹದೇವಮ್ಮ ಕಿಟಾರನೆ ಕಿರುಚಿದಳು.

"ಏನ್ರೀ, ಬನ್ನಿ ಇಲ್ಲಿ! ಕೂಸಿನ ತುಟಿ ನೋಡ್ರೀ!"

ತುಟಿ ನೇರಳೆ ತಿಂದಂತೆ ಕಪ್ಪಿಟ್ಟಿತ್ತು. ಉಗುರುಗಳೂ ಹಾಗೇ. ಮೈಯೆಲ್ಲ ಬೂದಿ ಬಣ್ಣ. ಅಳುವುದಕ್ಕೆ ಬಾಯಿ ತೆರೆಯುತ್ತದೆ, ದನಿ ಬರುತ್ತಿಲ್ಲ. ಬಾಡಿಗೆ ಆಟೋದಲ್ಲಿ ನಂಜನಗೂಡಿಗೆ ಓಡಿದರು. ಅಲ್ಲಿನ ಒಬ್ಬ ಡಾಕ್ಟರು ಹುಟ್ಟಿನಿಂದಲೇ ಹೃದಯದಲ್ಲಿ ತೂತಿರಬೇಕು ಎಂದು ಹೇಳಿ ಮೈಸೂರಿಗೆ ಕಳಿಸಿದರು. ದಾರಿಯುದ್ದಕ್ಕೂ ಕೂಸಿನ ಬಾಯಿ ಒಣಗದಿರಲೆಂದು ಕವನ ಬಾಟಲಿಯಿಂದ ಒಂದೊಂದೇ ಹನಿ ನೀರು ಹಾಕುತ್ತಿದ್ದಳು. ಮನೆಯಿಂದ ತಂದ, ಅಪ್ಪ ಇಂಗಿಸಿದ ನೀರು.

ಮೈಸೂರಿನ ಆಸ್ಪತ್ರೆಯಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ಡಾಕ್ಟರಮ್ಮ ಸೂಜಿ ಚುಚ್ಚಿ ರಕ್ತ ತೆಗೆದಳು. ರಕ್ತ ಕೆಂಪಗಿರಲಿಲ್ಲ, ಕಾಫಿ ಡಿಕಾಕ್ಷನ್ನಿನ ಬಣ್ಣ. ಅವಳು ತಟ್ಟನೆ ತಲೆಯೆತ್ತಿ, "ಯಾವ ನೀರಲ್ಲಿ ಹಾಲು ಕಲಸ್ತೀರಿ?" ಎಂದು ಕೇಳಿದಳು. ಬೋರ್ ನೀರು ಎಂದು ಕವನ ಹೇಳಿದ್ದೇ ತಡ, ಯಾವುದೋ ಇಂಜೆಕ್ಷನ್ನಿಗೆ ಆಳನ್ನು ಓಡಿಸಿದಳು. ಇಂಜೆಕ್ಷನ್ನು ಬಂತು, ಕೊಟ್ಟದ್ದೂ ಆಯಿತು. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಕೂಸು ತೀರಿಕೊಂಡಿತು. ಇನ್ನೂ ಎರಡು ತಿಂಗಳು ತುಂಬಿರಲಿಲ್ಲ.

ಮಣ್ಣು ಮಾಡಿ ಬಂದ ಮಾರನೇ ದಿನ ದೇವಯ್ಯ ಆಫೀಸಿನ ಒಂದು ಖಾಲಿ ಬಾಟಲಿ ತೆಗೆದುಕೊಂಡು ಕೈಪಂಪಿನ ಹತ್ತಿರ ಹೋದ. ಹದಿಮೂರು ವರ್ಷದಲ್ಲಿ ಮೊದಲ ಸಲ. ಡಾಕ್ಟರಮ್ಮನ ಪ್ರಶ್ನೆ ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಬಾಟಲಿಗೆ ಹಚ್ಚಲು ಅವನ ಹತ್ತಿರ ನಂಬರಿನ ಚೀಟಿ ಇರಲಿಲ್ಲ, ಏಕೆಂದರೆ ಆ ನೀರಿಗೆ ನಂಬರೇ ಇರಲಿಲ್ಲ. ಪೆನ್ನಿನಲ್ಲಿ 'ಕಾಲೋನಿ' ಎಂದು ಬರೆದ.

ಫಲಿತಾಂಶದ ಚೀಟಿಯನ್ನು ಸಿದ್ದಮಲ್ಲಪ್ಪನವರು ಎರಡು ಸಲ ಓದಿದರು. ಆಮೇಲೆ ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ನೂರ ತೊಂಬತ್ತೆರಡು. ಎಲ್ಲೀದಯ್ಯ ಇದು?"

"ನಮ್ ಮನೆ ಮುಂದ್ಲ ಬೋರು ಸಾ."

"ಅಲ್ಲಾ, ಊರಿನೋರೆಲ್ಲ ದೊಡ್ಡಬಾವಿ ನೀರು ಕುಡೀತಾರೆ ಅಂದಿದ್ದೆ ನೀನು."

ದೇವಯ್ಯ ನೆಲ ನೋಡಿದ. ಅವರಿಗೆ ಅರ್ಥವಾಯಿತು. ಒಳ್ಳೆಯ ಮನುಷ್ಯ, ಬೈಯಲಿಲ್ಲ. ಕುರ್ಚಿ ತೋರಿಸಿ, ಎಲ್ಲವನ್ನೂ ಬಿಡಿಸಿ ಹೇಳಿದರು. ಟ್ಯಾಂಕಿನಲ್ಲಿ ಸಾಯುವುದು ವಾಸನೆ, ಸಾಯುವುದು ರೋಗಾಣು. ಸಾರಜನಕ ಎಲ್ಲಿಗೂ ಹೋಗುವುದಿಲ್ಲ. ಹೊಲಕ್ಕೆ ಬಂದ ಮೇಲೆ ನೈಟ್ರೇಟಾಗಿ, ಬಾಳೆ ಹೀರಿದಷ್ಟು ಹೀರಿ ಮಿಕ್ಕದ್ದು ಕೆಳಗಿಳಿಯುತ್ತದೆ. ಆರು ವರ್ಷ ದಿನಕ್ಕೆ ಮೂರು ಟ್ಯಾಂಕರು. ದೊಡ್ಡವರಿಗೆ ಅದು ಅಷ್ಟಾಗಿ ತಟ್ಟುವುದಿಲ್ಲ. ತಾಯಿಯ ಹಾಲು ಕುಡಿಯುವ ಕೂಸಿಗೂ ತಟ್ಟುವುದಿಲ್ಲ. ಆ ನೀರಿನಲ್ಲಿ ಕಲಸಿದ ಹಾಲು ಕುಡಿದ ಎಳೆಗೂಸಿನ ರಕ್ತ ಮಾತ್ರ ಉಸಿರನ್ನು ಹೊರಲಾರದೆ ಹೋಗುತ್ತದೆ.

"ನಾವು ಕುದಿಸೇ ಕೊಡ್ತಿದ್ದೋ ಸಾ."

"ಕುದಿಸಿದ್ರೆ ಇದು ಹೋಗಲ್ಲ ದೇವಯ್ಯ. ನೀರು ಆವಿಯಾಗ್ತದೆ, ಇದು ಪಾತ್ರೇಲೇ ಉಳೀತದೆ."

ಕೇಳಬಾರದು ಎಂದುಕೊಂಡೇ ದೇವಯ್ಯ ಕೇಳಿದ.

"ಅರ್ಧಕ್ಕೆ ಇಂಗ್ಸಿದ್ರೆ ಸಾ?"

ಸಿದ್ದಮಲ್ಲಪ್ಪನವರು ಚೀಟಿಯನ್ನು ಮಗುಚಿಟ್ಟರು. "ಎರಡರಷ್ಟಾಗ್ತದೆ," ಎಂದರು.

ಅವನು ಎದ್ದು ನಿಂತ. ಈ ಬೋರನ್ನು ಪಟ್ಟಿಗೆ ಸೇರಿಸಿ ಎಂದು ಕೇಳಿದ. ಪಟ್ಟಿಗೆ ಸೇರಿಸಲು ಬರುವುದಿಲ್ಲ, ಹದಿಮೂರು ವರ್ಷದ ಲೆಕ್ಕವೇ ಅಡ್ಡಾದಿಡ್ಡಿಯಾಗುತ್ತದೆ, ಪಂಪು ಮುಚ್ಚಿಸಲು ಪಂಚಾಯ್ತಿಗೆ ಬೇರೆ ಪತ್ರ ಬರೆಯುತ್ತೇನೆ ಎಂದರು ಅವರು. ಪತ್ರ ಬರೆದರು ಕೂಡ. ವಾರದೊಳಗೆ ಕೈಪಂಪಿನ ಹಿಡಿ ಬಿಚ್ಚಿಕೊಂಡು ಹೋದರು. ಅಂದಿನಿಂದ ಕಾಲೋನಿಯ ಹೆಂಗಸರು ಬಿಂದಿಗೆ ಹೊತ್ತು ದೊಡ್ಡಬಾವಿಗೆ ಹತ್ತತೊಡಗಿದರು. ಪುಟ್ಟಬಸವಯ್ಯ ಕಟ್ಟೆಯ ಮೇಲೆ ಕೂತೇ ಇದ್ದರು, ಮುದುಕರಾಗಿದ್ದರು, ಯಾರನ್ನೂ ತಡೆಯಲಿಲ್ಲ. ದೇವಯ್ಯ ಮೊದಲ ಬಿಂದಿಗೆ ತುಂಬಿಕೊಂಡು ಮೇಲೆ ಬಂದಾಗ, "ಕೂಸೋಯ್ತಂತಲ್ಲ ಕಣಯ್ಯ. ನಂಗೊತ್ತಿರ್ಲಿಲ್ಲ," ಎಂದರು. ಅವರ ಮೇಲೆ ಹರಿಹಾಯಬೇಕೆಂದು ಬಂದಿದ್ದ ದೇವಯ್ಯ ಬಿಂದಿಗೆ ಹೊತ್ತು ಕಾಲೋನಿಯ ಕಡೆ ಇಳಿದ. ಗೊತ್ತಿರಲಿಲ್ಲ ಎಂದು ಅವರಾದರೂ ಹೇಳಬಹುದಿತ್ತು, ನೀರಿನ ದೇವಯ್ಯ ಹಾಗೆನ್ನುವಂತಿರಲಿಲ್ಲ.

ಮನೆಯಲ್ಲಿ ಕವನ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ನೋಡಲು ಬಂದ ಹೆಂಗಸರೆಲ್ಲ ಒಂದೇ ಮಾತು ಹೇಳಿ ಹೋಗುತ್ತಿದ್ದರು, ತಾಯಿ ಹಾಲಿಲ್ಲದ ಕೂಸು ಉಳಿಯುವುದು ಕಷ್ಟ ಎಂದು. ಅವಳೂ ಅದನ್ನೇ ನಂಬಿದ್ದಳು. ಊಟದ ತಟ್ಟೆ ಮುಂದಿಟ್ಟರೆ, "ಕೂಸಿಗೆ ಒಂದ್ ಹನಿ ಹಾಲ್ ಕೊಡಕ್ಕಾಗ್ಲಿಲ್ಲ, ನಂಗ್ಯಾಕವ್ವ ಅನ್ನ," ಎನ್ನುತ್ತಿದ್ದಳು.

ನಾಲ್ಕು ದಿನ ದೇವಯ್ಯ ಬಾಯಿಗೆ ಬೀಗ ಹಾಕಿಕೊಂಡಿದ್ದ. ಐದನೇ ದಿನ ಸಂಜೆ ಮಗಳ ಪಕ್ಕ ಕೂತು ಎಲ್ಲವನ್ನೂ ಹೇಳಿದ. ಬೋರು, ಟ್ಯಾಂಕು, ಒಲೆಯ ಮುಂದೆ ತಾನು ಇಂಗಿಸಿದ ಚೊಂಬು.

ಅವಳು ಎದ್ದು ಕೂತಳು. "ನೀನು ನೀರಿನ ಕೆಲಸ ಮಾಡೋನು. ಆ ಬೋರ್ ನೀರ ಒಂದ್ಸಲನೂ ನೋಡ್ಲಿಲ್ವಾ ಅಪ್ಪಾ?"

"ಇಲ್ಲ ಮಗಾ."

"ಯಾಕೆ?"

"ಒಂದೇ ಬಾವಿ ಬರೀಬೇಕು ಅಂದ್ರು. ದೊಡ್ಡಬಾವಿಗೆ ಇಳೀಬೇಕು ಅಂತ ಆಸೆ ಇತ್ತು ಕಣವ್ವ ನಂಗೆ. ನಮ್ಮವ್ವ ಅಲ್ಲಿ ನಿಂತ್ಕೊತಿದ್ಲು. ಅದ್ಕೇ ಅದನ್ನ ಬರ್ಸ್ದೆ."

ಕವನ ಅಪ್ಪನ ಮುಖ ನೋಡಿದಳು. ಬೈದಿದ್ದರೆ, ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಎರಡನ್ನೂ ಮಾಡಲಿಲ್ಲ.

"ಇದನ್ನ ಸೋಸಲೇಲಿ ಯಾರಿಗೂ ಹೇಳ್ಬ್ಯಾಡ," ಎಂದಳು. "ನನ್ ಹಾಲಿಲ್ದೆ ಹೋಯ್ತು ಅಂತಾನೇ ಅಂದ್ಕೊಂಡಿರ್ಲಿ. ನೀನು ಕುಡಿಸಿದ್ದು ಅಂತ ಗೊತ್ತಾದ್ರೆ ಅತ್ತೆ ನನ್ನ ಈ ಮನೆ ಬಾಗಿಲಿಗೆ ಕಳ್ಸಲ್ಲ. ನಂಗೆ ನೀವೂ ಇಲ್ಲ ಅಂದ್ರೆ ಇನ್ಯಾರಿದ್ದಾರಪ್ಪ?"

ಹೂಂ ಎಂದ ದೇವಯ್ಯ. ಹಾಗೆಂದಾಗ ಅವನಿಗೆ ಒಳಗೊಳಗೇ ಸಮಾಧಾನವಾಯಿತು. ಸಮಾಧಾನವಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಹನ್ನೊಂದನೇ ದಿನಕ್ಕೆ ಸೋಸಲೆಯಿಂದ ರಾಜೇಂದ್ರನೂ ಅವನ ತಾಯಿ ಮಲ್ಲಾಜಮ್ಮನೂ ಕವನಳನ್ನು ಕರೆದೊಯ್ಯಲು ಬಂದರು. ಬಿಸಿಲಿನಲ್ಲಿ ಬಿಳಿಗೆರೆಯಿಂದ ನಡೆದೇ ಬಂದಿದ್ದರು. ಮಹದೇವಮ್ಮ ಚಾಪೆ ಹಾಸಿದಳು. ಮಲ್ಲಾಜಮ್ಮ ಕೂರುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಕೆಟ್ಟ ಹೆಂಗಸೇನಲ್ಲ, ಮೊಮ್ಮಗಳಿಗೆಂದು ಹೊಲಿಸಿದ್ದ ಕುಲಾವಿಯನ್ನು ಒಂದು ಸಲವೂ ತೊಡಿಸಿ ನೋಡದೆ ಕೂಸನ್ನು ಕಳೆದುಕೊಂಡವರು. ಆ ಸಂಕಟ ಬಾಯಿಗೆ ಬಂತು.

"ನನ್ ನಾಕ್ ಮಕ್ಳಿಗೂ ಮೂರ್ ಮೂರ್ ವರ್ಷ ಎದೆಹಾಲ್ ಕೊಟ್ಟೆ ನಾನು. ಒಂದ್ ತಿಂಗ್ಳಿಗೇ ಹಾಲ್ ಬತ್ತೋಯ್ತು ಅಂದ್ರೆ ಏನನ್ಬೇಕು? ಎದೆ ಸುಟ್ಟೋದ್ ಎಣ್ಣು. ನಾಳೀಕೆ ಇನ್ನೊಂದ್ ಆದ್ರೂ ಅದ್ಕೂ ಇದೇ ಗತಿ. ನನ್ ಮಗನ್ ಬಾಳ್ ನೆನುಸ್ಕಂಡ್ರೆ..."

ಕವನ ತಲೆ ತಗ್ಗಿಸಿ ಬಟ್ಟೆ ಮಡಿಸುತ್ತಿದ್ದಳು. ಮಡಿಸಿಟ್ಟ ಸೀರೆಯನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದುದನ್ನು ದೇವಯ್ಯ ಕಂಡ. ಇನ್ನು ಮೂವತ್ತು ವರ್ಷ, ನಲವತ್ತು ವರ್ಷ, ಇವಳು ಈ ಮಾತನ್ನು ಹೀಗೇ ತಲೆ ತಗ್ಗಿಸಿ ಕೇಳಬೇಕು. ಅವನಿಗೆ ತಡೆಯಲಾಗಲಿಲ್ಲ.

"ಬೀಗರೆ, ಅವಳ್ದೇನೂ ತಪ್ಪಿಲ್ಲ," ಎಂದ. "ಕೂಸ್ನ ಸಾಯ್ಸಿದ್ದು ನಾನು."

"ಅಪ್ಪಾ, ಸುಮ್ನಿರು!" ಎಂದಳು ಕವನ.

ಅವನು ಸುಮ್ಮನಿರಲಿಲ್ಲ. ನಿಂತೇ ಹೇಳಿದ. ಹಂದಿಯ ಗೊಬ್ಬರ ಇಳಿದು ಬೋರಿನ ನೀರು ಕೆಟ್ಟದ್ದು, ಏನೂ ಇಲ್ಲವೆಂದು ತಾನೇ ಊರಿಗೆ ಭರವಸೆ ಕೊಟ್ಟದ್ದು, ಆ ನೀರನ್ನು ತಾನೇ ಇಂಗಿಸಿ ತಾನೇ ತೊಡೆಯ ಮೇಲೆ ಮಲಗಿಸಿಕೊಂಡು ಕುಡಿಸಿದ್ದು. ಡಾಕ್ಟರಮ್ಮ ಕೇಳಿದ್ದನ್ನು ಹೇಳಿದ, ಆಫೀಸರು ಹೇಳಿದ್ದನ್ನು ಹೇಳಿದ. ರಾಜೇಂದ್ರ ಅವನ ಮುಖವನ್ನೇ ನೋಡುತ್ತ ಕೂತಿದ್ದ. ಮಲ್ಲಾಜಮ್ಮ ಅಳು ನಿಲ್ಲಿಸಿದ್ದರು.

ಏನೂ ತೋಚದ ಮಹದೇವಮ್ಮ, ಮನೆಗೆ ಬಂದವರಿಗೆ ಮಾಡುವ ಮೊದಲ ಕೆಲಸವನ್ನೇ ಮಾಡಿದಳು. ಎರಡು ಲೋಟ ನೀರು ತಂದು ಬೀಗರ ಮುಂದಿಟ್ಟಳು.

ಮಲ್ಲಾಜಮ್ಮ ಲೋಟವನ್ನು ನೋಡಿದರು. ಮೂರು ಮೈಲಿ ಬಿಸಿಲಲ್ಲಿ ನಡೆದು ಬಂದವರು, ತುಟಿ ಒಣಗಿ ಬಿಳಿಚಿತ್ತು. ಎರಡು ಬೆರಳಿನಿಂದ ಲೋಟವನ್ನು ಮೆಲ್ಲಗೆ ಚಾಪೆಯಿಂದಾಚೆ ಸರಿಸಿದರು. ರಾಜೇಂದ್ರ ತನ್ನ ಮುಂದಿನ ಲೋಟವನ್ನು ಮುಟ್ಟಲಿಲ್ಲ.

"ಕುಡೀರಿ, ಅದು ಬೋರಿಂದಲ್ಲ," ಎಂದ ದೇವಯ್ಯ. "ದೊಡ್ಡಬಾವಿ ನೀರು ಕಣ್ರೀ. ಬೆಳಿಗ್ಗೆ ನಾನೇ ಓಗಿ ತಂದಿದ್ದು. ಪರೀಕ್ಷೆ ಆಗಿರೋದು, ಬರೀ ಹತ್ತೊಂಬತ್ತು. ಏನೂ ಆಗಲ್ಲ, ಕುಡೀರಿ."

ಯಾರೂ ಕೈ ಚಾಚಲಿಲ್ಲ. ಅವನು ಮಗಳ ಕಡೆ ತಿರುಗಿದ. ಕವನ ಬಟ್ಟೆಯ ಚೀಲವನ್ನು ಹೆಗಲಿಗೇರಿಸಿಕೊಂಡು ನಿಂತಿದ್ದಳು. ಬಗ್ಗಿ ಅತ್ತೆ ಸರಿಸಿದ ಲೋಟವನ್ನು ಎತ್ತಿಕೊಂಡಳು, ತುಟಿಯ ಹತ್ತಿರ ತಂದಳು. ಕುಡಿಯಲು ಅವಳಿಂದಲೂ ಆಗಲಿಲ್ಲ. ಒಂದು ತೊಟ್ಟೂ ಚೆಲ್ಲದ ಹಾಗೆ ಜೋಪಾನವಾ­ಗಿ ಅಪ್ಪನ ಕೈಗೆ ಕೊಟ್ಟು, ಗಂಡನ ಹಿಂದೆ ಹೊಸ್ತಿಲು ದಾಟಿದಳು.